‘ವಕೀಲ’ ಎಂಬ ಪದದ ಕತೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ‘ಕಾನೂನು ಅರಿವು’ ಎಂಬ ವಿಷಯವನ್ನೂ ಅವರೇ ಸೂಚಿಸಿದ್ದರು. ಆ ಹೆಸರಿನ ಲೇಖನಗಳನ್ನು ಜನ ಓದುವುದಿಲ್ಲವೆಂಬುದು ನನ್ನ ಅನುಭವ. ಅದರ ಬದಲು, ಸುಮಾರು ನಲವತ್ತು ವರ್ಷಗಳಿಂದ ನನ್ನ ಮನೆಯ ಬಾಗಿಲಿನ ಫಲಕದ ಮೇಲಿರುವ ಒಂದೇ ಒಂದು ಪದದ ಚರಿತ್ರೆಯನ್ನು ಬರೆಯುತ್ತೇನೆಂದು ಒಪ್ಪಿಕೊಂಡೆ. ಆ ಪದ ‘ವಕೀಲ’. ಅದನ್ನು ನಾನು ಕಲಿತದ್ದು ಕಾನೂನು ಕಾಲೇಜಿನಲ್ಲಲ್ಲ, ಇದೇ ಶಾಲೆಯ ಜಗಲಿಯಲ್ಲಿ. ಹೇಗೆಂಬುದನ್ನು ಮೊದಲು ಹೇಳುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಮಲೆನಾಡಿನ ನಮ್ಮ ಊರುಗಳಲ್ಲೆಲ್ಲ ಒಂದೇ ಮಾತು: ಡಿಕ್ಲರೇಷನ್. ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ತಂದು, 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವೆಂದು ಸಾರಿತ್ತು. ಉಳುತ್ತಿದ್ದ ಗೇಣಿದಾರ ತನ್ನ ಹಕ್ಕಿಗಾಗಿ ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. 1951ರ ಕಾಗೋಡು ಸತ್ಯಾಗ್ರಹವನ್ನು ಕಣ್ಣಾರೆ ಕಂಡ ಹಿರಿಯರಿಗೆ ಇದು ಕನಸಿನಂತಹ ಸುದ್ದಿ. ಆದರೆ ಫಾರಂ ಬರೆಯಲು ಅಕ್ಷರ ಬೇಕಲ್ಲ! ಪೇಟೆಯ ವಕೀಲರ ಹತ್ತಿರ ಹೋಗೋಣವೆಂದರೆ, ಆ ಕಾಯಿದೆಯ 48ನೇ ಕಲಮಿನಲ್ಲೇ ಒಂದು ಮಾತಿತ್ತು: ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ. ಒಡೆಯರು ದೊಡ್ಡ ವಕೀಲರನ್ನು ತರುತ್ತಾರೆ, ಗೇಣಿದಾರನಿಗೆ ಅದು ಸಾಧ್ಯವಿಲ್ಲ, ಆದ್ದರಿಂದ ಯಾರಿಗೂ ಬೇಡ ಎಂಬುದು ಅದರ ಹಿಂದಿನ ಆಲೋಚನೆಯಾಗಿತ್ತು.

ಆಗ ನಮ್ಮ ಕನ್ನಡ ಮೇಷ್ಟ್ರು ಅಕ್ಷರ ದುಂಡಗಿದ್ದ ನಾಲ್ಕು ಜನ ಹುಡುಗರನ್ನು ಕರೆದು, ಸಂಜೆ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂರಿಸಿ, ಬಂದವರಿಗೆಲ್ಲ ಫಾರಂ ಬರೆದುಕೊಡಿ ಎಂದರು. ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಎಷ್ಟು ವರ್ಷದಿಂದ ಗೇಣಿ, ಯಾರಿಗೆ. ನಾವು ಬರೆದೆವು, ಅವರು ಹೆಬ್ಬೆಟ್ಟು ಒತ್ತಿದರು. ‘ಇನ್ನು ಮೇಲೆ ನೀವೇ ಊರಿನ ವಕೀಲರು ಕಣ್ರೋ’ ಎಂದು ಮೇಷ್ಟ್ರು ನಕ್ಕರು. ಅಲ್ಲಿಯವರೆಗೆ ಆ ಪದವನ್ನು ನಾನು ಕೇಳಿದ್ದು ಅವ್ವನ ಬಾಯಲ್ಲಿ ಮಾತ್ರ. ತಂಗಿಯ ಪರವಾಗಿ ಮಾತಾಡಿದರೆ, ‘ದೊಡ್ಡ ವಕೀಲ ಬಂದ ನೋಡು’ ಎಂದು ಬೈಯುತ್ತಿದ್ದಳು.

ಜಗಲಿಯಲ್ಲಿ ನಾನು ಬರೆದ ಫಾರಂಗಳಲ್ಲಿ ನಮ್ಮ ನೆರೆಮನೆಯ ಅಜ್ಜಿಯದೂ ಒಂದು. ಗಂಡ ತೀರಿಕೊಂಡಿದ್ದ ಆಕೆ ಎರಡು ತಾಕು ಗೇಣಿ ಮಾಡುತ್ತಿದ್ದಳು. ಮನೆಯ ಹತ್ತಿರದ ಗದ್ದೆ ಒಂದು, ಹಳ್ಳದಾಚೆಯ ಇಪ್ಪತ್ತು ಗುಂಟೆ ಇನ್ನೊಂದು. ಆಕೆ ತಂದ ಹಳೆಯ ರಸೀದಿಯಲ್ಲಿ ಒಂದೇ ಸರ್ವೆ ನಂಬರಿತ್ತು. ನಾನು ಅದನ್ನು ನೋಡಿ ಬರೆದೆ. ಹಳ್ಳದಾಚೆಯದು ಬೇರೆ ನಂಬರು ಎಂಬುದು ನನಗೆ ಹೊಳೆಯಲಿಲ್ಲ. ಆ ಗದ್ದೆಯಲ್ಲಿ ನಾನೇ ಎಷ್ಟೋ ಸಲ ಏಡಿ ಹಿಡಿದಿದ್ದೆ, ಆದರೂ ‘ಇನ್ನೂ ಏನಾದರೂ ಇದೆಯಾ ಅಜ್ಜಿ’ ಎಂದು ಕೇಳಲಿಲ್ಲ. ಅರ್ಜಿ ಕೊಡಲು ಸರ್ಕಾರ ಹಲವು ಸಲ ಅವಧಿ ವಿಸ್ತರಿಸಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿತು. ಅಜ್ಜಿಯ ಕೇಸು ವಿಚಾರಣೆಗೆ ಬಂದದ್ದು ಅದಾದ ಮೇಲೆ. ಮನೆಹತ್ತಿರದ ಗದ್ದೆ ಆಕೆಗೆ ಸಿಕ್ಕಿತು. ಹಳ್ಳದಾಚೆಯದರ ಮಾತೆತ್ತಿದಾಗ, ಅದು ಅರ್ಜಿಯಲ್ಲಿ ಇಲ್ಲವಲ್ಲ ಎಂದರು. ಒಂದೆರಡು ವರ್ಷದಲ್ಲಿ ಆ ಇಪ್ಪತ್ತು ಗುಂಟೆ ಕೈಬಿಟ್ಟು ಹೋಯಿತು. ಆಕೆ ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಕಾನೂನು ಓದಲು ಹೊರಟದ್ದಕ್ಕೆ ಕಾರಣ ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ನಿಜವಾದ ಕಾರಣವನ್ನು ಬರೆಯುತ್ತಿರುವುದು ಇದೇ ಮೊದಲು.

ಈಗ ಪದದ ವಿಷಯಕ್ಕೆ ಬರುತ್ತೇನೆ.

‘ವಕೀಲ’ ಕನ್ನಡದ ಪದವಲ್ಲ, ಸಂಸ್ಕೃತದ್ದೂ ಅಲ್ಲ. ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ನಮ್ಮ ಭಾಷೆಗಳಿಗೆ ಬಂದದ್ದು. ಅದರ ಧಾತುವಿಗೆ ‘ವಹಿಸಿಕೊಡು, ನಂಬಿ ಒಪ್ಪಿಸು’ ಎಂದರ್ಥ. ವಕೀಲ ಎಂದರೆ ಯಾರಿಗೆ ಒಂದು ಕಾರ್ಯವನ್ನು ನಂಬಿ ಒಪ್ಪಿಸಲಾಗಿದೆಯೋ ಅವನು. ಇಸ್ಲಾಂ ಧರ್ಮದಲ್ಲಿ ದೇವರಿಗೆ ಹೇಳುವ ತೊಂಬತ್ತೊಂಬತ್ತು ನಾಮಗಳಲ್ಲಿ ‘ಅಲ್ ವಕೀಲ್’ ಎಂಬುದೂ ಒಂದು. ಎಲ್ಲವನ್ನೂ ಯಾರಿಗೆ ಒಪ್ಪಿಸಿ ನೆಮ್ಮದಿಯಾಗಿರಬಹುದೋ ಅವನು ಎಂಬ ಭಾವ. ದೇವರಲ್ಲಿ ಭಾರ ಹಾಕುವುದಕ್ಕೆ ಹೇಳುವ ‘ತವಕ್ಕುಲ್’ ಎಂಬ ಪದವೂ ಇದೇ ಧಾತುವಿನದು. ಮೂಲದಲ್ಲಿ ಈ ಪದಕ್ಕೂ ಕೋರ್ಟಿಗೂ ಕರಿ ಕೋಟಿಗೂ ಸಂಬಂಧವಿಲ್ಲ.

ಇದು ನನಗೆ ತಿಳಿದದ್ದು ನಗೆಪಾಟಲಾಗಿ. ಸನ್ನದು ಪಡೆದ ಹೊಸತರಲ್ಲಿ ನಮ್ಮ ಬ್ಯಾಚಿನ ಮುಸ್ಲಿಂ ಗೆಳೆಯನೊಬ್ಬನ ತಂಗಿಯ ಮದುವೆಗೆ ಹೋಗಿದ್ದೆ. ನಿಕಾಹ್ ಸಮಯದಲ್ಲಿ ಯಾರೋ ಗಟ್ಟಿಯಾಗಿ ‘ವಕೀಲ್ ಸಾಹೇಬರು ಎಲ್ಲಿ, ಬನ್ನಿ’ ಎಂದು ಕರೆದರು. ನನ್ನನ್ನೇ ಗೌರವಿಸಿ ಕರೆಯುತ್ತಿದ್ದಾರೆಂದು ಅಂಗಿ ಸರಿಮಾಡಿಕೊಂಡು ಎದ್ದು ನಿಂತೆ. ಅಷ್ಟರಲ್ಲಿ ಅಡಿಕೆ ವ್ಯಾಪಾರ ಮಾಡುವ ಮದುಮಗಳ ಸೋದರಮಾವ ಇಬ್ಬರು ಸಾಕ್ಷಿಗಳೊಂದಿಗೆ ಒಳಗೆ ಹೋದರು. ಮದುಮಗಳ ಒಪ್ಪಿಗೆಯನ್ನು ಆಕೆಯ ಬಾಯಿಂದ ಕೇಳಿ, ಅದನ್ನು ಹೊರಗೆ ಬಂದು ತಿಳಿಸುವವನಿಗೆ ಅಲ್ಲಿ ವಕೀಲ ಎನ್ನುತ್ತಾರೆ. ಗೆಳೆಯರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಪದದ ಹಳೆಯ ಅರ್ಥ ನಮ್ಮ ಊರಿನ ಮದುವೆ ಮನೆಯಲ್ಲಿ ಹಾಗೆಯೇ ಉಳಿದಿರುವುದನ್ನು ಅಂದು ಕಂಡೆ. ಆ ಹುಡುಗಿ ಒಂದು ಮಾತನ್ನು ನಂಬಿ ಕೊಟ್ಟಳು, ಆತ ಅದನ್ನು ಹೆಚ್ಚು ಕಡಿಮೆ ಮಾಡದೆ ಹೊರಗೆ ತಂದ. ವಕೀಲನ ಕೆಲಸ ಅಷ್ಟೇ, ಮತ್ತು ಅಷ್ಟು ದೊಡ್ಡದು.

ಚರಿತ್ರೆಯಲ್ಲಿ ಈ ಪದ ಬಹಳ ಎತ್ತರಕ್ಕೆ ಏರಿತ್ತು. ಅಕ್ಬರ ಬಾಲಕನಾಗಿ ಪಟ್ಟಕ್ಕೆ ಬಂದಾಗ, 1556ರಿಂದ 1560ರವರೆಗೆ ಅವನ ಹೆಸರಿನಲ್ಲಿ ರಾಜ್ಯ ನಡೆಸಿದ ಬೈರಾಂ ಖಾನನ ಹುದ್ದೆಯ ಹೆಸರು ವಕೀಲ ಎಂದೇ. 1784ರಲ್ಲಿ ಎರಡನೇ ಷಾ ಆಲಂ ಬಾದಶಹನಿಂದ ಪೇಶ್ವೆಯ ಹೆಸರಿಗೆ ‘ವಕೀಲ್-ಇ-ಮುತ್ಲಕ್’, ಅಂದರೆ ಸರ್ವಾಧಿಕಾರವುಳ್ಳ ಪ್ರತಿನಿಧಿ ಎಂಬ ಬಿರುದನ್ನು ಪಡೆದು, ಮಹಾದಜಿ ಶಿಂಧೆ ದೆಹಲಿಯ ವ್ಯವಹಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ಇರಾನಿನಲ್ಲಿ 1779ರಲ್ಲಿ ತೀರಿಕೊಂಡ ಕರೀಂ ಖಾನ್ ಝಂಡ್ ಎಂಬ ದೊರೆ, ದೇಶವನ್ನೇ ಆಳುತ್ತಿದ್ದರೂ ‘ಷಾ’ ಎನ್ನಿಸಿಕೊಳ್ಳಲಿಲ್ಲ. ತಾನು ಪ್ರಜೆಗಳ ವಕೀಲ ಎಂದು ಕರೆದುಕೊಂಡ. ಶಿರಾಜ್ ನಗರದಲ್ಲಿ ಅವನು ಕಟ್ಟಿಸಿದ ಪೇಟೆಗೂ ಮಸೀದಿಗೂ ಇಂದಿಗೂ ವಕೀಲ ಎಂಬ ಹೆಸರೇ ಇದೆ.

ಸಂಸ್ಥಾನಗಳ ನಡುವಿನ ರಾಯಭಾರಿಗಳಿಗೂ ವಕೀಲ ಎಂದೇ ಕರೆಯುತ್ತಿದ್ದರು. ಹೈದರಾಬಾದಿನ ನಿಜಾಮನ ದರ್ಬಾರಿನಲ್ಲಿ ಪೇಶ್ವೆಯ ವಕೀಲನಾಗಿದ್ದ ಗೋವಿಂದರಾವ್ ಕಾಳೆಯ ಹೆಸರು ಮರಾಠರ ಇತಿಹಾಸ ಓದಿದವರಿಗೆ ಪರಿಚಿತ. ನಮಗೆ ಇನ್ನೂ ಹತ್ತಿರದ ಉದಾಹರಣೆ ಶ್ರೀರಂಗಪಟ್ಟಣದ್ದು. 1792ರಲ್ಲಿ ಮೂರನೇ ಮೈಸೂರು ಯುದ್ಧ ಮುಗಿದಾಗ ಟಿಪ್ಪು ಸುಲ್ತಾನ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಬೇಕಾಯಿತು. ಕರಾರು ಈಡೇರುವವರೆಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು. ಆ ವರ್ಷದ ಫೆಬ್ರವರಿ 26ರಂದು ಆ ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನ ಡೇರೆಗೆ ಕರೆದೊಯ್ದು ಅವನ ಕೈಗೆ ಒಪ್ಪಿಸಿದವನು ಟಿಪ್ಪುವಿನ ವಕೀಲ ಗುಲಾಂ ಅಲಿ ಖಾನ್. ಈ ಮಕ್ಕಳು ಬೆಳಗಿನವರೆಗೆ ನನ್ನ ಒಡೆಯನ ಮಕ್ಕಳಾಗಿದ್ದರು, ಇನ್ನು ಇವರು ನಿಮ್ಮನ್ನೇ ತಂದೆಯೆಂದು ಭಾವಿಸಬೇಕು ಎಂಬ ಅರ್ಥದ ಮಾತನ್ನು ಅವನು ಆಡಿದನೆಂದು ಅಲ್ಲಿದ್ದ ಇಂಗ್ಲಿಷರು ಬರೆದಿಟ್ಟಿದ್ದಾರೆ. ಆ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದರು. ಸೋತ ಕಡೆಯ ಮನುಷ್ಯ, ಕೈಯಲ್ಲಿ ಆಯುಧವಿಲ್ಲ, ಗೆದ್ದವನ ಡೇರೆಯಲ್ಲಿ ನಿಂತು ಇನ್ನೊಬ್ಬರ ಮಕ್ಕಳ ಪರವಾಗಿ ಮಾತಾಡಬೇಕು. ಕೋರ್ಟಿನಲ್ಲಿ ಬಡ ಕಕ್ಷಿದಾರನ ಪರವಾಗಿ ಎದ್ದು ನಿಂತಾಗ ಈ ಗುಲಾಂ ಅಲಿ ನನಗೆ ಎಷ್ಟೋ ಸಲ ನೆನಪಾಗಿದ್ದಾನೆ.

ಹಾಗಾದರೆ ಈ ರಾಯಭಾರಿ ಕೋರ್ಟಿನ ಕಟ್ಟೆ ಹತ್ತಿದ್ದು ಹೇಗೆ? ಇನ್ನೊಬ್ಬರ ಪರವಾಗಿ ನ್ಯಾಯಸಭೆಯಲ್ಲಿ ಮಾತಾಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ತಂದೆ, ಮಗ, ಸೋದರ ಅಥವಾ ನೇಮಿತ ಪ್ರತಿನಿಧಿ ಅಲ್ಲದವನು ಇನ್ನೊಬ್ಬರ ವ್ಯಾಜ್ಯದಲ್ಲಿ ಬಾಯಿ ಹಾಕಿದರೆ ದಂಡನೆಗೆ ಅರ್ಹ ಎಂದು ನಾರದಸ್ಮೃತಿ ಹೇಳುತ್ತದೆ. ಆದರೆ ಅದನ್ನು ಸನ್ನದು ಪಡೆದ ವೃತ್ತಿಯಾಗಿ ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿ. ಮಕ್ಕಳನ್ನು ಒತ್ತೆಯಾಗಿ ಸ್ವೀಕರಿಸಿದ ಅದೇ ಕಾರ್ನ್‌ವಾಲಿಸನ ಆಡಳಿತದಲ್ಲಿ, ಮರುವರ್ಷವೇ, 1793ರ ಏಳನೇ ರೆಗ್ಯುಲೇಷನ್ ಬಂಗಾಳದ ದಿವಾನಿ ಅದಾಲತ್ತುಗಳಿಗೆ ವಕೀಲರನ್ನು ನೇಮಿಸುವ ನಿಯಮ ಮಾಡಿತು. ಹಿಂದೂಗಳು ಮತ್ತು ಮುಸ್ಲಿಮರು ಮಾತ್ರ ವಕೀಲರಾಗಬಹುದಿತ್ತು. ಫೀಜು ದಾವೆಯ ಮೌಲ್ಯದ ಮೇಲೆ ನಿಗದಿ, ಅದಕ್ಕಿಂತ ಹೆಚ್ಚು ಕಿತ್ತರೆ ಶಿಕ್ಷೆ. 1846ರ ಕಾಯಿದೆ ಜಾತಿ, ಧರ್ಮ, ದೇಶದ ಭೇದವಿಲ್ಲದೆ ವೃತ್ತಿಯನ್ನು ಎಲ್ಲರಿಗೂ ತೆರೆಯಿತು.

ಎಲ್ಲರಿಗೂ ಎಂದರೆ ಗಂಡಸರೆಲ್ಲರಿಗೂ ಎಂದು ಓದಿಕೊಳ್ಳಬೇಕು. ಕಾನೂನು ಓದಿದ್ದ ರೆಜೀನಾ ಗುಹಾ ಅವರ ಅರ್ಜಿಯನ್ನು ಕಲ್ಕತ್ತ ಹೈಕೋರ್ಟು 1916ರಲ್ಲಿ, ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಯನ್ನು ಪಾಟ್ನಾ ಹೈಕೋರ್ಟು 1921ರಲ್ಲಿ ತಳ್ಳಿಹಾಕಿದವು. ಹೆಂಗಸು ವಕೀಲಳಾಗಲು ಕಾಯಿದೆಯಲ್ಲಿ ಅವಕಾಶವಿಲ್ಲ ಎಂಬುದು ಕಾರಣ. ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟು ಕಾರ್ನೀಲಿಯಾ ಸೊರಾಬ್ಜಿ ಅವರನ್ನು ವಕೀಲರೆಂದು ದಾಖಲಿಸಿಕೊಂಡಿತು. 1923ರಲ್ಲಿ ಕಾಯಿದೆಯೇ ಬಂದು ಅಡ್ಡಿ ತೊಲಗಿತು. ನಮ್ಮ ಶಾಲೆಯಿಂದ ಹೋಗಿ ಇಂದು ಕೋರ್ಟುಗಳಲ್ಲಿ ವಾದಿಸುತ್ತಿರುವ ಹೆಣ್ಣುಮಕ್ಕಳು ಈ ಮೂವರ ಹೆಸರನ್ನು ನೆನಪಿಡಬೇಕು.

1862ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹೈಕೋರ್ಟುಗಳಾದ ಮೇಲೆ ‘ವಕೀಲ’ ಎಂಬ ಪದಕ್ಕೆ ಒಂದು ಕೀಳರಿಮೆ ಅಂಟಿಕೊಂಡಿತು. ವಿಲಾಯಿತಿಗೆ ಹೋಗಿ ಬಂದವನು ಬ್ಯಾರಿಸ್ಟರ್, ಇಲ್ಲೇ ಓದಿದವನು ವಕೀಲ. ಕಲ್ಕತ್ತದಲ್ಲಿ ಮೂಲ ದಾವೆಗಳ ವಾದ ಬ್ಯಾರಿಸ್ಟರುಗಳ ಸ್ವತ್ತಾಗಿತ್ತು. 1879ರ ಕಾಯಿದೆಯಲ್ಲಿ ಪ್ಲೀಡರ್, ಮುಖ್ತಾರ, ರೆವಿನ್ಯೂ ಏಜೆಂಟ್ ಎಂಬ ಇನ್ನೂ ಕೆಳಗಿನ ಮೆಟ್ಟಿಲುಗಳಿದ್ದವು. ಈ ಏಣಿಯನ್ನೆಲ್ಲ ಕಿತ್ತದ್ದು ಸ್ವತಂತ್ರ ಭಾರತದ 1961ರ ಅಡ್ವೊಕೇಟ್ಸ್ ಕಾಯಿದೆ. ಅಂದಿನಿಂದ ದೇಶಕ್ಕೆಲ್ಲ ಒಂದೇ ವರ್ಗ, ಅಡ್ವೊಕೇಟ್. ಹೀಗೆ ಹೊಸ ಸನ್ನದುಗಳಿಂದ ‘ವಕೀಲ’ ಮಾಯವಾದ. ಆದರೂ 1908ರ ದಿವಾಣಿ ಸಂಹಿತೆಯಲ್ಲಿ ಪ್ಲೀಡರ್ ಎಂಬುದಕ್ಕೆ ಕೊಟ್ಟಿರುವ ವಿವರಣೆಯೊಳಗೆ ಅವನು ಇನ್ನೂ ಕೂತಿದ್ದಾನೆ, ಜನರ ಬಾಯಲ್ಲಂತೂ ಎದ್ದೇ ಇಲ್ಲ. ‘ನ್ಯಾಯವಾದಿ’ ಎಂದು ಪತ್ರಿಕೆಗಳು ಬರೆಯುತ್ತವೆ, ‘ಲಾಯರು’ ಎಂದು ಪೇಟೆಯವರು ಕರೆಯುತ್ತಾರೆ. ಆದರೆ ಕಷ್ಟ ಬಂದು ರಾತ್ರಿ ಬಾಗಿಲು ತಟ್ಟುವವನು ‘ವಕೀಲ್ರೇ’ ಎಂದೇ ಕೂಗುವುದು.

ಕನ್ನಡ ನಾಡಿನಲ್ಲಿ ವಕೀಲರು ಹಲವು ಕೋರ್ಟುಗಳಲ್ಲಿ ಹಂಚಿಹೋಗಿದ್ದರು. ಮೈಸೂರು ಸಂಸ್ಥಾನಕ್ಕೆ 1884ರಲ್ಲಿ ಚೀಫ್ ಕೋರ್ಟ್ ಆಯಿತು. ಧಾರವಾಡದವರು ಮೇಲಿನ ಅಪೀಲಿಗೆ ಮುಂಬಯಿಗೆ, ಮಂಗಳೂರಿನವರು ಮದರಾಸಿಗೆ ಹೋಗಬೇಕಿತ್ತು. ಕಲಬುರ್ಗಿ, ರಾಯಚೂರಿನವರು ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ವಾದಿಸಬೇಕಿತ್ತು. 1956ರ ಏಕೀಕರಣ ಇವರೆಲ್ಲರನ್ನೂ ಒಂದೇ ಹೈಕೋರ್ಟಿಗೆ ತಂದಿತು. ಆ ಏಕೀಕರಣಕ್ಕೆ ದುಡಿದ ಆಲೂರ ವೆಂಕಟರಾಯರು ಧಾರವಾಡದಲ್ಲಿ, ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರೇ. ಮಂಗಳೂರಿನ ಕಾರ್ನಾಡ ಸದಾಶಿವರಾಯರು ದೇಶಕ್ಕಾಗಿ ವಕೀಲಿಯನ್ನೂ ಆಸ್ತಿಯನ್ನೂ ಕಳೆದುಕೊಂಡು 1937ರಲ್ಲಿ ಬಡವರಾಗಿ ತೀರಿಕೊಂಡರು.

ಪದಗಳು ಬಂದ ಮನೆಯಲ್ಲಿ ಅರ್ಥ ಬದಲಿಸಿಕೊಳ್ಳುತ್ತವೆ. ದಾವೆ, ಫಿರ್ಯಾದು, ಜಾಮೀನು, ತಕರಾರು, ವಾರಸು, ಹಕ್ಕು ಇವೆಲ್ಲ ವಕೀಲನ ಜತೆಯಲ್ಲೇ ಬಂದವು. ‘ರಾಜೀನಾಮೆ’ ಎಂದರೆ ಮೊದಲಿಗೆ ಒಪ್ಪಿಗೆಯ ಪತ್ರ, ನಮ್ಮಲ್ಲಿ ಕೆಲಸ ಬಿಡುವ ಪತ್ರವಾಯಿತು. ‘ಅಮಾನತು’ ಎಂದರೆ ನಂಬಿ ಇಟ್ಟ ಇಡುಗಂಟು, ನಮ್ಮಲ್ಲಿ ನೌಕರನನ್ನು ಹೊರಗಿಡುವುದಕ್ಕೂ ಅದೇ ಪದ. ‘ಅಮೀನ’ ಎಂದರೆ ನಂಬಿಕಸ್ಥ, ನಮ್ಮ ಊರಲ್ಲಿ ಜಪ್ತಿಗೆ ಬರುವ ಅಮೀನನನ್ನು ಕಂಡರೆ ಮನೆಯವರು ಹಿತ್ತಿಲಿಗೆ ಓಡುತ್ತಾರೆ. ‘ವಕಾಲತ್ತು ವಹಿಸಬೇಡ’ ಎಂದರೆ ಕೇಳದಿದ್ದರೂ ಇನ್ನೊಬ್ಬರ ಪರ ಮಾತಾಡಬೇಡ ಎಂಬ ಬೈಗುಳ. ನಂಬಿಕೆಯ ಪದಗಳೆಲ್ಲ ಅಂಜಿಕೆಯ ಪದಗಳಾದದ್ದು ಯಾಕೆ ಎಂದು ಯೋಚಿಸಿದರೆ, ತಪ್ಪು ಪದಗಳದ್ದಲ್ಲ, ಆ ಹೆಸರು ಹೊತ್ತ ನಮ್ಮದೇ ಎನ್ನಬೇಕಾಗುತ್ತದೆ.

ಊರಿನವರಿಗೆ ಇಲ್ಲಿ ಒಂದು ಮಾತು. ವಕೀಲರ ಹತ್ತಿರ ಹೋದಾಗ ಮೊದಲು ಸಹಿ ಹಾಕುವ ಕಾಗದ ವಕಾಲತ್ತುನಾಮೆ. ದಿವಾಣಿ ಸಂಹಿತೆಯ ಮೂರನೇ ಆದೇಶದ ಪ್ರಕಾರ ನಿಮ್ಮ ಸಹಿಯಿರುವ ಅಂಥ ಬರಹವಿಲ್ಲದೆ ಯಾವ ವಕೀಲನೂ ನಿಮ್ಮ ಪರವಾಗಿ ಕೋರ್ಟಿನಲ್ಲಿ ಕೆಲಸ ನಡೆಸುವಂತಿಲ್ಲ. ನೀವಾಗಲಿ ವಕೀಲರಾಗಲಿ ಕೋರ್ಟಿನ ಅನುಮತಿ ಪಡೆದು ಲಿಖಿತವಾಗಿ ರದ್ದು ಮಾಡುವವರೆಗೆ, ಇಬ್ಬರಲ್ಲಿ ಒಬ್ಬರು ತೀರಿಕೊಳ್ಳುವವರೆಗೆ, ಅಥವಾ ಕೇಸು ಮುಗಿಯುವವರೆಗೆ ಅದಕ್ಕೆ ಜೀವವಿರುತ್ತದೆ. ಅಂದರೆ ಅದು ಬರೀ ಸ್ಟಾಂಪು ಹಚ್ಚಿದ ಕಾಗದವಲ್ಲ, ನಿಮ್ಮ ನಾಲಿಗೆಯನ್ನು ಇನ್ನೊಬ್ಬರಿಗೆ ಒಪ್ಪಿಸುವ ಪತ್ರ. ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಖಾಲಿ ಕಾಗದಕ್ಕೆ ಯಾರು ಕೇಳಿದರೂ, ನಾನೇ ಕೇಳಿದರೂ, ಸಹಿ ಹಾಕಬೇಡಿ.

ಇನ್ನು ಅಜ್ಜಿಯ ಮಾತು. 1987ರಲ್ಲಿ ಸುಪ್ರೀಂ ಕೋರ್ಟು, ಭೂನ್ಯಾಯ ಮಂಡಳಿಗಳ ಮುಂದೆ ವಕೀಲರು ಬರಬಾರದೆಂಬ ನಿಷೇಧವನ್ನು ತೆಗೆದುಹಾಕಿತು. ಆ ತೀರ್ಪನ್ನು ಓದಿದ ದಿನ ನನಗೆ ಸಂತೋಷವಾಗಲಿಲ್ಲ. ಬಡವರಿಗೆ ಅನುಕೂಲವೆಂದು ಮಾಡಿದ ನಿಷೇಧದಿಂದಲೇ ಒಂಬತ್ತನೇ ತರಗತಿಯ ಹುಡುಗ ಅಜ್ಜಿಗೆ ವಕೀಲನಾಗಬೇಕಾಯಿತಲ್ಲ ಎನ್ನಿಸಿತು. ಆದರೆ ಹಾಗೆನ್ನುವುದೂ ತಪ್ಪಿಸಿಕೊಳ್ಳುವ ದಾರಿಯೇ. ಸನ್ನದಿದ್ದ ವಕೀಲನೂ ಕೇಳದಿದ್ದರೆ ಅದೇ ತಪ್ಪು ಮಾಡುತ್ತಿದ್ದ. ಮುಂದೆ 1998ರಲ್ಲಿ, ಅರ್ಜಿ ಕೊಡದೆ ಬಿಟ್ಟುಹೋದ ಗೇಣಿದಾರರಿಗಾಗಿ 77-ಎ ಎಂಬ ಹೊಸ ಕಲಂ ಬಂತು. ನಾನು ಆ ಫಾರಂ ಹಿಡಿದು ಅಜ್ಜಿಯ ಮನೆಗೆ ಓಡಿದೆ. ಆದರೆ ಅದಕ್ಕೆ ಜಮೀನು ಸ್ವಾಧೀನದಲ್ಲಿ ಇರಲೇಬೇಕಿತ್ತು. ಹಳ್ಳದಾಚೆಯ ಗದ್ದೆಯಲ್ಲಿ ಅಷ್ಟು ಹೊತ್ತಿಗೆ ಬೇರೆಯವರ ಅಡಿಕೆ ಮರಗಳು ಫಲ ಕೊಡುತ್ತಿದ್ದವು. ಕಟ್ಟೆಯ ಮೇಲೆ ಕೂತು, ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ತಪ್ಪನ್ನು ಆಕೆಗೆ ಹೇಳಿಬಿಟ್ಟೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತಾ, ‘ಅವತ್ತು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಿನ್ನ ಹತ್ರ ಬರೋರನ್ನ ಕೇಳು’ ಎಂದಳು. ಅಷ್ಟೇ. ಆಕೆ ಈಗಿಲ್ಲ.

ಅಂದಿನಿಂದ ಯಾರೇ ಕಕ್ಷಿದಾರ ಬಂದರೂ, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡ ಮೇಲೆ, ವಕಾಲತ್ತಿಗೆ ಸಹಿ ಹಾಕಿಸುವ ಮೊದಲು ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳುತ್ತೇನೆ: ‘ಇನ್ನೂ ಏನಾದರೂ ಇದೆಯಾ?’ ಎಷ್ಟೋ ಸಲ ನಿಜವಾದ ಕೇಸು ಆಮೇಲೆಯೇ ಹೊರಬರುತ್ತದೆ.

ಮೇಷ್ಟ್ರು ನಮ್ಮನ್ನು ಕೂರಿಸಿದ ಆ ಜಗಲಿಗೆ ಈಗ ಸಿಮೆಂಟು ಹಾಕಿ ಕಂಪ್ಯೂಟರ್ ಕೊಠಡಿ ಮಾಡಿದ್ದಾರೆ. ಒಳ್ಳೆಯದೇ. ಇಂದಿಗೂ ಊರಿನವರು ಅರ್ಜಿ, ಆಧಾರ್, ಪಹಣಿ ಎಂದು ಅಲ್ಲಿಗೆ ಬಂದು ಮಕ್ಕಳ ಕೈಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆಂದು ಕೇಳಿದೆ. ಆ ಮಕ್ಕಳಿಗೆ ಈ ಹಳೆಯ ವಿದ್ಯಾರ್ಥಿಯ ಒಂದು ಮಾತು: ಇನ್ನೊಬ್ಬರ ಪರವಾಗಿ ಒಂದು ಸಾಲು ಬರೆದರೂ ಆ ಹೊತ್ತಿಗೆ ನೀವು ವಕೀಲರೇ. ಬರೆದಾದ ಮೇಲೆ ಒಮ್ಮೆ ತಲೆಯೆತ್ತಿ ಅವರ ಮುಖ ನೋಡಿ, ಇನ್ನೂ ಏನಾದರೂ ಇದೆಯಾ ಎಂದು ಕೇಳಿ.